ಬೆಳ್ಳಿಯ ಮೇಲಿನ ಸಿಲಿಸೀನ್: ಆ ಸರಳರೇಖೆ ಯಾರದು?

12 ನವೆಂಬರ್ 2024, ಮಂಗಳವಾರ

ಇಂದು ಬಹಳ ಹೊತ್ತು ಒಂದೇ ಚಿತ್ರದ ಮುಂದೆ ಕುಳಿತಿದ್ದೆ. ಬೆಳ್ಳಿಯ (111) ಮುಖದ, ಅಂದರೆ ಅದರ ಹರಳನ್ನು ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಕತ್ತರಿಸಿದ ಮೇಲ್ಮೈಯ ಮೇಲೆ ಬೆಳೆಸಿದ ಸಿಲಿಸೀನ್, ಅಂದರೆ ಒಂದೇ ಪರಮಾಣು ದಪ್ಪದ ಸಿಲಿಕಾನ್ ಪದರ, ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕದಲ್ಲಿ ಮೂರು ಮೂರು ಚುಕ್ಕೆಗಳ ತ್ರಿಕೋನಗಳನ್ನು ಎದುರುಬದುರು ಜೋಡಿಸಿದಂತೆ ಕಾಣುತ್ತದೆ. ಮತ್ತೆ ಮತ್ತೆ ಮರುಕಳಿಸುವ ವಿನ್ಯಾಸದ ಒಂದು ಘಟಕದಲ್ಲಿ (ಯೂನಿಟ್ ಸೆಲ್) 18 ಸಿಲಿಕಾನ್ ಪರಮಾಣುಗಳಿದ್ದರೂ ಹೊಳೆಯುವುದು 6 ಮಾತ್ರ, ಏಕೆಂದರೆ ಉಳಿದ 12 ತಗ್ಗಿನಲ್ಲಿ ಬೆಳ್ಳಿಗೆ ಅಂಟಿಕೊಂಡಿವೆ. ಸಿಲಿಸೀನಿನ 3 ಹೆಜ್ಜೆ ಬೆಳ್ಳಿಯ 4 ಹೆಜ್ಜೆಗೆ ಸುಮಾರು 11.6 ಆಂಗ್‌ಸ್ಟ್ರಾಮ್‌ನಲ್ಲಿ ಸರಿಹೊಂದುವುದರಿಂದಲೇ ಈ ವಿನ್ಯಾಸ ಮೂಡುತ್ತದೆ.

ಒಂದೇ ಪರಮಾಣು ದಪ್ಪದ ಇಂಗಾಲದ ಪದರವಾದ ಗ್ರಾಫೀನ್ ಚಪ್ಪಟೆಯಾಗಿದ್ದರೆ ಸಿಲಿಸೀನ್ ಏರಿಳಿತವಾಗಿರುತ್ತದೆ. ಸಿಲಿಕಾನ್ ಪರಮಾಣುಗಳ ನಡುವಿನ ಬಂಧ ಉದ್ದವಾದ್ದರಿಂದ ಪದರಕ್ಕೆ ಲಂಬವಾಗಿರುವ ಕಕ್ಷಕಗಳು (ಎಲೆಕ್ಟ್ರಾನುಗಳು ಹರಡಿರುವ ಪ್ರದೇಶಗಳು) ಪಕ್ಕದವುಗಳನ್ನು ಚೆನ್ನಾಗಿ ತಲುಪುವುದಿಲ್ಲ. ಆದರೂ, ಯಾವ ಆಧಾರವೂ ಇಲ್ಲದ ಸಿಲಿಸೀನಿನಲ್ಲಿ ಗ್ರಾಫೀನಿನಂತೆಯೇ ಎಲೆಕ್ಟ್ರಾನುಗಳ ಶಕ್ತಿ ಮತ್ತು ಸಂವೇಗದ ಸಂಬಂಧ ಸರಳರೇಖೆಯಾಗಿ, ಡಿರಾಕ್ ಶಂಕುವಾಗಿ ಇರಬೇಕೆಂದು ಲೆಕ್ಕಾಚಾರ ಹೇಳುತ್ತದೆ. 2012ರಲ್ಲಿ ಬೆಳ್ಳಿಯ ಮೇಲಿನ ಪದರದಿಂದ ಬೆಳಕಿನ ಹೊಡೆತಕ್ಕೆ ಹೊರಬಿದ್ದ ದ್ಯುತಿ ಎಲೆಕ್ಟ್ರಾನುಗಳಲ್ಲಿ ಅಂಥದೇ ಸರಳರೇಖೆ ಕಂಡಾಗ ಎಲ್ಲರೂ ಅದು ಸಿಲಿಸೀನಿನದೇ ಎಂದುಕೊಂಡದ್ದು ಸಹಜವೇ ಆಗಿತ್ತು.

ನನಗೆ ಹೆಚ್ಚು ಮಹತ್ವದ್ದೆನಿಸುವುದು ಅದರ ಮರುವರ್ಷದ ಪ್ರಯೋಗ. ಆ ಸರಳರೇಖೆಯ ನಿಯಮ ಪಾಲಿಸುವ ಡಿರಾಕ್ ಎಲೆಕ್ಟ್ರಾನುಗಳು ನಿಜವಾಗಿಯೂ ಇದ್ದರೆ, ಲಂಬವಾದ ಪ್ರಬಲ ಕಾಂತಕ್ಷೇತ್ರದಲ್ಲಿ ಅವುಗಳ ಶಕ್ತಿ ಲ್ಯಾಂಡೌ ಮಟ್ಟಗಳೆಂಬ ಬಿಡಿಬಿಡಿ ಮೆಟ್ಟಿಲುಗಳಾಗಿ ಒಡೆದು ತೋರಬೇಕು. ಬೆಳ್ಳಿಯ ಮೇಲಿನ ಸಿಲಿಸೀನಿನಲ್ಲಿ ಆ ಮಟ್ಟಗಳು ಕಾಣಲಿಲ್ಲ. ಸಿಲಿಕಾನಿನ ಕಕ್ಷಕಗಳು ಬೆಳ್ಳಿಯವುಗಳೊಂದಿಗೆ ಬೆರೆತು, ಪದರ ತನ್ನ ಸ್ವಂತ ಎಲೆಕ್ಟ್ರಾನ್ ಸ್ವಭಾವವನ್ನೇ ಕಳೆದುಕೊಂಡಿತ್ತು. ಮುಂದೆ 2016ರಲ್ಲಿ ಬೆಳ್ಳಿಯ ಬ್ರಿಲುವಾ ವಲಯದ (ಹರಳಿನಲ್ಲಿ ಎಲೆಕ್ಟ್ರಾನುಗಳ ಸಂವೇಗವನ್ನು ಗುರುತಿಸುವ ನಕ್ಷೆಯ ಮೂಲ ಘಟಕದ) ಅಂಚಿನಲ್ಲಿ ಡಿರಾಕ್ ಶಂಕುಗಳು ಕಂಡವು ನಿಜ, ಆದರೆ ಅವು ಎರಡರ ಸಂಯೋಗದಿಂದ ಹುಟ್ಟಿದವು. ಬರಿಯ ಸಿಲಿಸೀನಿನವೂ ಅಲ್ಲ, ಬರಿಯ ಬೆಳ್ಳಿಯವೂ ಅಲ್ಲ.

ಹಾಗೆಂದು ಬೆಳ್ಳಿಯನ್ನು ತೆಗೆದುಬಿಡುವುದೂ ಸುಲಭವಲ್ಲ. 2015ರ ಸಿಲಿಸೀನ್ ಟ್ರಾನ್ಸಿಸ್ಟರ್‌ನಲ್ಲಿ ಪದರವನ್ನು ಅದರ ಬೆಳ್ಳಿ ಲೇಪದ ಸಮೇತವೇ ಎತ್ತಿ, ಬಳಿಕ ಆ ಬೆಳ್ಳಿಯನ್ನೇ ಕೊರೆದು ವಿದ್ಯುತ್ ಸಂಪರ್ಕಗಳನ್ನಾಗಿ ಮಾಡಿಕೊಂಡರು. ಗಾಳಿ ತಾಗಿದ ಕೆಲವೇ ನಿಮಿಷಗಳಲ್ಲಿ ಆ ಟ್ರಾನ್ಸಿಸ್ಟರ್ ಕೆಟ್ಟುಹೋಯಿತು.

ಸಂಜೆ ಮತ್ತೆ ಅದೇ 18 ಪರಮಾಣುಗಳಿಗೆ ಮರಳಿದೆ. ಅವುಗಳ ಏರಿಳಿತವನ್ನು ಹಾಗೆಯೇ ಉಳಿಸಿ ಬೆಳ್ಳಿಯನ್ನಷ್ಟೇ ಲೆಕ್ಕದಿಂದ ಅಳಿಸಿದರೆ, ಶಂಕುಗಳ ತುದಿಗಳು ಸೇರುವ ಡಿರಾಕ್ ಬಿಂದುವಿದ್ದಲ್ಲಿ ಎಲೆಕ್ಟ್ರಾನುಗಳಿಗೆ ಎಡೆಯಿಲ್ಲದ ಶಕ್ತಿಯ ಅಂತರ ತೆರೆದುಕೊಳ್ಳುತ್ತದೆ. ಬೆಳ್ಳಿ ಜೊತೆಗಿಲ್ಲದಿದ್ದರೂ ಅದು ಒತ್ತಿದ ಆಕಾರ ಪದರದಲ್ಲಿ ಉಳಿದಿರುತ್ತದೆ. ನಾಳೆ ಆ 6 ಪರಮಾಣುಗಳನ್ನು ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಸುತ್ತಾ, ಅಂತರ ಯಾವ ಎತ್ತರದಲ್ಲಿ ಮುಚ್ಚಿಕೊಳ್ಳುತ್ತದೆಂದು ಲೆಕ್ಕಹಾಕಬೇಕು.