ಅಮ್ಮನ ಮನಸ್ಸಿನ ಡಾಕ್ಟರು

ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ನಾನು ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮನೋವೈದ್ಯೆಯೊಂದಿಗೆ ವಿಡಿಯೊದಲ್ಲಿ ಮಾತನಾಡುತ್ತಿದ್ದಾಗ ಊರಿನಿಂದ ಅತ್ತೆಯವರ ಕರೆ ಬಂದಿತ್ತು. ಫೋನ್ ಎತ್ತಿಕೊಂಡ ನನ್ನ ಎಂಟು ವರ್ಷದ ಮಗಳು, "ಅಮ್ಮ ಡಾಕ್ಟರ್ ಹತ್ರ ಮಾತಾಡ್ತಿದ್ದಾಳೆ" ಎಂದಳಂತೆ. ಅತ್ತೆಯವರ ಹಿಂದೆ ನೆಂಟರು ಕುಳಿತಿದ್ದರು. "ಆಫೀಸ್ ಮೀಟಿಂಗ್ ಇರಬೇಕು ಪುಟ್ಟಿ" ಎಂದು ಅವರು ಮಾತು ತೇಲಿಸಿದರೆ ಇವಳು ಬಿಡಲಿಲ್ಲ. "ಮೀಟಿಂಗ್ ಅಲ್ಲ ಅಜ್ಜಿ, ಮನಸ್ಸಿನ ಡಾಕ್ಟರ್. ನನಗೆ ಹಲ್ಲಿನ ಡಾಕ್ಟರ್ ಇಲ್ವಾ, ಹಾಗೆ" ಎಂದು ನೆಂಟರಿಗೆಲ್ಲ ಕೇಳುವಂತೆ ತಿದ್ದಿದಳು. ಕರೆ ಅಲ್ಲಿಗೇ ಕಡಿಯಿತು. ನೆಟ್‌ವರ್ಕ್ ಹೋಗಿತ್ತು ಎಂದು ಅತ್ತೆಯವರು ಆಮೇಲೆ ಸಂದೇಶ ಕಳುಹಿಸಿದರು.

ಮಗಳು ಇದನ್ನು ವರದಿ ಮಾಡಿದಾಗ ಮೊದಲು ನಗು ಬಂತು. ರಾತ್ರಿಯ ಹೊತ್ತಿಗೆ ಅದೇ ಮಾತು ಚುಚ್ಚತೊಡಗಿತು. ಅತ್ತೆಯವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಖಿನ್ನತೆಯ ವಿಷಯ ತಿಳಿದಾಗ ದಿನವೂ ಫೋನ್ ಮಾಡಿ ವಿಚಾರಿಸಿದವರು ಅವರೇ. ಆದರೆ ಅವರ ಲೆಕ್ಕದಲ್ಲಿ ಈ ವಿಡಿಯೊ ಚಿಕಿತ್ಸೆಯ ದೊಡ್ಡ ಗುಣವೆಂದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು. ಆಸ್ಪತ್ರೆಯ ಮೆಟ್ಟಿಲು ಹತ್ತುವಂತಿಲ್ಲ, ಹೊರಗಿನ ಬೆಂಚಿನಲ್ಲಿ ಪರಿಚಿತರು ಎದುರಾಗುವಂತಿಲ್ಲ. "ಮನೆಯಲ್ಲೇ ಮುಗಿದುಹೋಗುತ್ತದಲ್ಲ, ಅಷ್ಟು ಸಾಕು" ಎಂದು ಅವರು ಹಿಂದೊಮ್ಮೆ ಸಮಾಧಾನ ಹೇಳಿದ್ದುಂಟು. ನಾನು ಕೋಣೆಯ ಬಾಗಿಲು ಹಾಕಿಕೊಳ್ಳುವ ಕಾರಣ ಬೇರೆ.

ವೈದ್ಯೆ ಪ್ರತಿ ಸಲವೂ ಒಂದೇ ಕ್ರಮದಲ್ಲಿ ಆರಂಭಿಸುತ್ತಾರೆ. ಈಗ ನೀವು ಯಾವ ವಿಳಾಸದಲ್ಲಿ ಕುಳಿತಿದ್ದೀರಿ, ಸಂಪರ್ಕ ಕಡಿದರೆ ಯಾವ ಸಂಖ್ಯೆಗೆ ಕರೆ ಮಾಡಲಿ, ಕೋಣೆಯಲ್ಲಿ ನಿಮ್ಮೊಂದಿಗೆ ಬೇರೆ ಯಾರಾದರೂ ಇದ್ದಾರೆಯೇ? ನಾನು ಎಲ್ಲಿಗೂ ಹೋಗಿಲ್ಲವೆಂದು ಗೊತ್ತಿದ್ದರೂ ಕೇಳುತ್ತಾರೆ. ವಿಳಾಸ ಕೇಳುವುದಕ್ಕೆ ಎರಡು ಕಾರಣಗಳಿವೆ. ನನಗೇನಾದರೂ ಅಪಾಯವೆನಿಸಿದರೆ ಸಹಾಯಕ್ಕೆ ಜನರನ್ನು ಎಲ್ಲಿಗೆ ಕಳುಹಿಸಬೇಕೆಂದು ಅವರಿಗೆ ತಿಳಿದಿರಬೇಕು. ಅಲ್ಲದೆ ನಾವಿರುವ ಅಮೆರಿಕದಲ್ಲಿ ವೈದ್ಯರ ಪರವಾನಗಿ ರಾಜ್ಯಕ್ಕೊಂದು. ಕುಳಿತಿರುವ ರೋಗಿ ಆ ಹೊತ್ತಿನಲ್ಲಿ ಯಾವ ರಾಜ್ಯದಲ್ಲಿದ್ದಾನೆ ಎಂಬುದರ ಮೇಲೆ ಚಿಕಿತ್ಸೆಯ ಅಧಿಕಾರ ನಿಂತಿದೆ. ಪಕ್ಕದ ರಾಜ್ಯದಲ್ಲಿರುವ ತಮ್ಮನ ಮನೆಗೆ ಹೋಗಿದ್ದಾಗ, ಅದೇ ಲ್ಯಾಪ್‌ಟಾಪು, ಅದೇ ವೈದ್ಯೆ, ಆದರೂ ಭೇಟಿಯನ್ನು ಮುಂದಕ್ಕೆ ಹಾಕಬೇಕಾಯಿತು. ಕನ್ನಡದಲ್ಲೇ ಹೇಳಿಕೊಳ್ಳೋಣವೆಂದು ಊರಿನ ಮನೋವೈದ್ಯರನ್ನು ಹುಡುಕಿದರೆ ಅಲ್ಲೂ ಗಡಿ ಅಡ್ಡ ಬಂತು: 2020ರ ಮಾರ್ಚ್‌ನಲ್ಲಿ ಭಾರತ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಗಳು ದೇಶದ ಹೊರಗಿನ ಸಮಾಲೋಚನೆಗೆ ಅನ್ವಯಿಸುವುದಿಲ್ಲ.

ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂಬ ಮೂರನೆಯ ಪ್ರಶ್ನೆಯೇ ಮುಖ್ಯವೆಂದು ನನಗೆ ಹೊಳೆದದ್ದು ತಡವಾಗಿ. ಭೇಟಿಗೆ ಮೊದಲು ಒಂಬತ್ತು ಪ್ರಶ್ನೆಗಳ ಒಂದು ನಮೂನೆ ಬರುತ್ತದೆ, ಪಿಎಚ್‌ಕ್ಯೂ-9 ಎಂದು ಅದರ ಹೆಸರು. ಕಳೆದ ಎರಡು ವಾರಗಳಲ್ಲಿ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಯಾವುದರಲ್ಲಾದರೂ ಆಸಕ್ತಿ ಉಳಿದಿತ್ತೇ ಎಂದು ವಿಚಾರಿಸುತ್ತಾ ಒಂಬತ್ತನೆಯದರಲ್ಲಿ ಸಾವಿನ ಆಲೋಚನೆ, ಸ್ವಂತಕ್ಕೆ ಹಾನಿ ಮಾಡಿಕೊಳ್ಳುವ ಆಲೋಚನೆ ಬಂದಿತ್ತೇ ಎಂದು ಕೇಳುತ್ತಾರೆ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಮೊದಮೊದಲು ನಾನು ಊಟದ ಮೇಜಿನ ಬಳಿಯೇ ಅದನ್ನು ತುಂಬುತ್ತಿದ್ದೆ. ಗಂಡ ಅತ್ತಿಂದಿತ್ತ ಓಡಾಡುತ್ತಿದ್ದರೆ ಒಂಬತ್ತನೆಯದಕ್ಕೆ ಕೈ ತಾನಾಗಿ ಸೊನ್ನೆಯನ್ನು ಒತ್ತುತ್ತಿತ್ತು. ಅವರು ಇಣುಕಿ ನೋಡುವವರಲ್ಲ. ಆದರೂ ಪ್ರೀತಿಸುವವರ ಎದುರಿಗೆ ಬರೆಯಲಾಗದ ಅಂಕಗಳಿರುತ್ತವೆ. ಬಾಗಿಲು ಹಾಕಿಕೊಂಡು ತುಂಬಿದ ದಿನ ಅಂಕ ಬದಲಾಯಿತು, ಔಷಧಿಯೂ ಬದಲಾಯಿತು.

ಪರದೆಯಲ್ಲಿ ಕಾಣದೆ ಹೋಗುವುದು ಬಹಳಷ್ಟಿದೆ ಎಂಬುದನ್ನೂ ಹೇಳಬೇಕು. ಎದುರಿಗೆ ಕುಳಿತ ವೈದ್ಯರಿಗೆ ರೋಗಿಯ ನಡಿಗೆ, ಉಡುಪು, ಕಾಲು ಅಲ್ಲಾಡಿಸುವ ಚಡಪಡಿಕೆ ಎಲ್ಲವೂ ಗೊತ್ತಾಗುತ್ತವೆ. ಕ್ಯಾಮೆರಾಕ್ಕೆ ಕಾಣುವುದು ಭುಜದಿಂದ ಮೇಲೆ. ಔಷಧಿ ಬದಲಾದ ಮೇಲೆ ವೈದ್ಯೆ ನನ್ನನ್ನು ಕುರ್ಚಿ ಹಿಂದಕ್ಕೆ ಸರಿಸಿ, ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಬೆರಳು ಅಗಲಿಸಿ ಹಿಡಿಯುವಂತೆ ಹೇಳಿ, ನಡುಕವಿದೆಯೇ ಎಂದು ನೋಡಿದರು. ತೂಕ, ರಕ್ತದೊತ್ತಡಗಳನ್ನು ನಾನೇ ಅಳೆದು ಹೇಳುತ್ತೇನೆ. ಮೂಲೆಯ ಪುಟ್ಟ ಚೌಕದಲ್ಲಿ ನನ್ನ ಮುಖ ನನಗೇ ಕಾಣುತ್ತಿದ್ದುದು ಎಲ್ಲಕ್ಕಿಂತ ದೊಡ್ಡ ಕಿರಿಕಿರಿ. ಅಳು ಬಂದಾಗ ಅಳುವವಳನ್ನು ನೋಡುತ್ತಾ ಮಾತೇ ನಿಂತುಹೋಗುತ್ತಿತ್ತು. ಆ ಚೌಕವನ್ನು ಮರೆಮಾಡಬಹುದು ಎಂದು ಅವರು ತೋರಿಸಿಕೊಟ್ಟ ಮೇಲೆ ಸಲೀಸಾಯಿತು.

ದೂರವನ್ನು ದಾಟುವ ಈ ಉಪಾಯ ಹೊಸದೇನಲ್ಲ. ಅಮೆರಿಕದ ನೆಬ್ರಾಸ್ಕ ರಾಜ್ಯದ ಮನೋವೈದ್ಯರು 1959ರಲ್ಲಿಯೇ ಎರಡೂ ಕಡೆಯವರು ಪರಸ್ಪರ ನೋಡಬಹುದಾದ ಟೆಲಿವಿಷನ್ ಬಳಸಿ ಗುಂಪು ಚಿಕಿತ್ಸೆ ನಡೆಸಿದ್ದರು. ಊರಿನ ವ್ಯವಸ್ಥೆಯ ಬಗ್ಗೆಯೂ ನನಗೆ ಹೆಮ್ಮೆಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ನಿಮ್ಹಾನ್ಸ್ ಮುಂದಾಳು. 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಹಣ ಕೊಡದೆ ಕನ್ನಡದಲ್ಲಿ ಮಾತನಾಡಬಹುದು, 2024ರಲ್ಲಿ ವಿಡಿಯೊ ಸಮಾಲೋಚನೆಯೂ ಸೇರಿಕೊಂಡಿತು. ಇಲ್ಲಿ ವಿಮೆಯ ಕಾಗದಪತ್ರಗಳಲ್ಲಿ ಸಿಕ್ಕಿ ಒದ್ದಾಡುವಾಗ ನನಗೆ ಅದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೂ ರೋಗಿಯ ಗೌಪ್ಯತೆಯನ್ನು ಹಕ್ಕೆಂದೇ ಬರೆದಿಟ್ಟಿದೆ. ಆ ಹಕ್ಕು ರೋಗಿಯದು. ಮನೆತನದ ಮರ್ಯಾದೆಗೆ ಹೊದಿಸುವ ಮುಸುಕನ್ನೂ ಅದರ ಜೊತೆಗೆ ಸೇರಿಸಿಬಿಡುತ್ತೇವೆ ಎಂಬುದು ನನ್ನ ತಕರಾರು.

ನನ್ನ ಚಿಕ್ಕಮ್ಮ ಒಬ್ಬರಿಗೆ ಬಹಳ ವರ್ಷ ಕಾಯಿಲೆಯಿತ್ತು. ತಿಂಗಳಿಗೊಮ್ಮೆ ಚಿಕ್ಕಪ್ಪ ಅವರನ್ನು ರಾತ್ರಿ ಬಸ್ಸಿನಲ್ಲಿ ದೂರದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಅಕ್ಕಪಕ್ಕದವರಿಗೆ ಮದುವೆಗೆ ಹೋಗುತ್ತಿದ್ದೇವೆ ಎಂದು ಹೇಳುತ್ತಿದ್ದರು. ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ ಹೆಸರಿಲ್ಲದ ಡಬ್ಬಿಗೆ ಹಾಕಿ ಮೇಲಿನ ಶೆಲ್ಫಿನಲ್ಲಿ ಇಡುತ್ತಿದ್ದರು. ಚಿಕ್ಕಪ್ಪನಿಗೆ ಓಡಾಡಲು ಆಗದಂತಾದ ಮೇಲೆ ಬಸ್ಸು ನಿಂತಿತು, ಮಾತ್ರೆಯೂ ನಿಂತಿತು, ಕಾಯಿಲೆ ಮರುಕಳಿಸಿತು. ವಿಡಿಯೊ ಇದ್ದಿದ್ದರೆ ಆ ಪ್ರಯಾಣವಾದರೂ ತಪ್ಪುತ್ತಿತ್ತು, ಔಷಧಿ ತಪ್ಪುತ್ತಿರಲಿಲ್ಲ ಎಂದು ಈಗ ಅನೇಕ ಸಲ ಅನ್ನಿಸುತ್ತದೆ.

ಆದರೆ ಕಾಲೇಜಿನ ದಿನಗಳಲ್ಲಿ ನಾನೊಮ್ಮೆ ಚಿಕ್ಕಮ್ಮನನ್ನು, ಡಾಕ್ಟರು ನಿಮ್ಮನ್ನು ಏನೇನು ಕೇಳುತ್ತಾರೆ ಎಂದು ವಿಚಾರಿಸಿದ್ದೆ. "ನನ್ನನ್ನೇನು ಕೇಳ್ತಾರಮ್ಮಾ, ಎಲ್ಲಾ ಇವರೇ ಹೇಳ್ತಾರೆ" ಎಂದಿದ್ದರು. ಒಂದೇ ಸ್ಮಾರ್ಟ್‌ಫೋನ್ ಇರುವ, ಮುಚ್ಚಲು ಬಾಗಿಲಿರುವ ಕೋಣೆಯೇ ಇಲ್ಲದ ಮನೆಗಳಲ್ಲಿ ಇವತ್ತು 14416ಕ್ಕೆ ಕರೆ ಹೋಗುತ್ತಿದ್ದರೆ, ಆ ಅರ್ಧ ಗಂಟೆಯ ಮಟ್ಟಿಗೆ ಫೋನನ್ನು ಚಿಕ್ಕಮ್ಮನಂಥವರ ಕೈಗೆ ಕೊಟ್ಟು ಉಳಿದವರು ಹೊರಗೆ ಹೋಗಿ ಕೂರುತ್ತಾರೆಯೇ ಎಂಬ ಅನುಮಾನ ನನಗೆ ಇದ್ದೇ ಇದೆ.