ಗಾಳಿಗೆ ಯಾರು ನೀರು ಹಾಸ್ತಾರ?

ತಮ್ಮನ ಹೆಂಡತಿ ಪುತ್ತೂರಿನವಳು. ಈ ವಾರ ತವರಿನಿಂದ ವಿಜಯಪುರಕ್ಕೆ ಬರುವಾಗ ಬ್ಯಾಗಿನ ತುಂಬ ಕೋಕೋ ಹಣ್ಣು ತಂದಿದ್ದಳು. ಒಡೆದರೆ ಒಳಗೆ ಬಿಳಿ ತಿರುಳು ಮೆತ್ತಿದ ಬೀಜ, ಥೇಟ್ ಸೀತಾಫಲ. "ಚಾಕ್ಲೇಟ್ ಎಲ್ಲೈತಿ?" ಅಂತ ಮಕ್ಕಳ ಮುಖ ಸಪ್ಪಗಾಯ್ತು. ತಿರುಳು ಹುಳಿ-ಸಿಹಿ, ಬೀಜ ಬರೀ ಕಹಿ. ಐದಾರು ದಿನ ಕೊಳೆಹಾಕಿ, ಒಣಗಿಸಿ, ಹುರಿದ ಮೇಲೇ ಚಾಕ್ಲೇಟಿನ ವಾಸನೆ ಬರೋದು.

ನಮ್ಮ ಕಾಕಾ ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವವರು. ಹೊಸದು ಏನು ಕಂಡರೂ ಹೊಲಕ್ಕೆ ಒಯ್ಯುವ ಹುಕಿ.

"ಎರಡ್ ಬೀಜ ಕೊಡವ್ವಾ. ನೀರೊಂದು ಇದ್ರ ನಾ ಏನ್ ಬೇಕಾದ್ರೂ ಬೆಳಿತೀನಿ."

"ನೀರು ಮಾತ್ರ ಸಾಕಾಗುದಿಲ್ಲ ಮಾವ. ಗಾಳಿಯೂ ಒದ್ದೆ ಇರ್ಬೇಕು."

"ಗಾಳಿಗೆ ಯಾರ್ ನೀರ್ ಹಾಸ್ತಾರ?"

ಎಲ್ಲರೂ ನಕ್ಕರು. ನನಗೆ ಮಾತ್ರ ಆ ಮಾತು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. ಕಾಕಾನದು ಸುಮ್ನೆ ಜಂಬ ಅಲ್ಲ. ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡ ಮನುಷ್ಯ. ಹಾಗಾಗಿ ಲೋಕದ ಕಷ್ಟವೆಲ್ಲ ನೀರಿನದೇ ಅಂತ ಅವರ ಲೆಕ್ಕ. ನಮ್ಮ ಕಡೆ ಎಲ್ಲರ ಲೆಕ್ಕವೂ ಅದೇ, ಅಲ್ವಾ?

ಕೋಕೋ ಅಮೆಜಾನ್ ಕಾಡಿನ ಗಿಡ. ದೊಡ್ಡ ಮರಗಳ ಕೆಳಗೆ, ಅರೆ ನೆರಳಲ್ಲಿ ಬೆಳೆಯುವಂಥದ್ದು. ಪುತ್ತೂರಲ್ಲಿ ಆ ನೆರಳನ್ನು ಅಡಿಕೆ ತೋಟ ಕೊಡುತ್ತೆ. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋ ಅಲ್ಲಿ 1986ರಲ್ಲೇ ಚಾಕ್ಲೇಟ್ ಕಾರ್ಖಾನೆ ತೆರೆಯಿತು. ತಮ್ಮನ ಹೆಂಡತಿ ಕೋಕೋ ಹೂವಿನ ಫೋಟೋ ತೋರಿಸಿದಳು: ಉಗುರಿನಷ್ಟು ಚಿಕ್ಕದು, ಕಾಂಡದ ಸಿಪ್ಪೆಯಿಂದಲೇ ನೇರ ಹೊರಟಿದೆ. ಅದಕ್ಕೆ ಪರಾಗ ತರೋದು ಸೊಳ್ಳೆಗಿಂತ ಸಣ್ಣ ನೊಣ. ಆ ನೊಣ ಹುಟ್ಟೋದು ತೋಟದಲ್ಲಿ ಕೊಳೆತ ಎಲೆ-ಕಸದಲ್ಲಿ. ನಮ್ಮ ಕಾಕಾ ಬಳ್ಳಿ ಬುಡದಲ್ಲಿ ಒಂದು ಒಣ ಎಲೆ ಬಿಡುವುದಿಲ್ಲ! ಇಷ್ಟಾದರೂ ಜಾಸ್ತಿ ಹೂ ಉದುರಿಯೇ ಹೋಗುತ್ತವೆ.

ತಮಾಷೆ ಅಂದರೆ, ಒದ್ದೆ ಗಾಳಿ ಏನು ಮಾಡುತ್ತೆ ಅಂತ ಕಾಕಾನಷ್ಟು ಬಲ್ಲವರು ನಮ್ಮ ಮನೆಯಲ್ಲಿ ಇನ್ನೊಬ್ಬರಿಲ್ಲ. ನಾಲ್ಕು ದಿನ ಮೋಡ ಮುಚ್ಚಿದರೆ ದ್ರಾಕ್ಷಿಗೆ ಡೌನಿ ರೋಗ. ಒಣದ್ರಾಕ್ಷಿ ಶೆಡ್ಡಿನಲ್ಲಿದ್ದಾಗ ಮಳೆ ಬಂದರೆ ಮಾಲು ಕಪ್ಪು. ಅವರ ಅನ್ನ ಇರೋದೇ ನಮ್ಮ ಒಣ ಗಾಳಿಯಲ್ಲಿ. ಆದರೆ ಅದಕ್ಕೆ ಬಿಲ್ ಕಟ್ಟಿಲ್ಲ, ಬೋರ್ ಕೊರೆಸಿಲ್ಲ. ಹಾಗಾಗಿ ಲೆಕ್ಕಕ್ಕೇ ಬಂದಿಲ್ಲ.

ಇದನ್ನೇ ಹೇಳಿದೆ. ಕಾಕಾ ಸುಮ್ಮನೆ ಕೇಳಿದರು. ಆಮೇಲೆ ತಮ್ಮನ ಹೆಂಡತಿ ಕಡೆ ತಿರುಗಿದರು.

"ಹಂಗಾರ ಮಳಿಗಾಲದಾಗ ನೀವು ಬೀಜ ಹೆಂಗ ಒಣಗಿಸ್ತೀರಿ?"

"ಅದೇ ದೊಡ್ಡ ತಲೆಬಿಸಿ ಮಾವ. ಬೂಸ್ಟು ಬರ್ತದೆ."

"ನಮ್ಮ ಶೆಡ್ಡಿಗೆ ಕಳಸ್ರಿ ಮತ್ತ. ಬಾಡಗಿ ಅಷ್ಟ ಕೊಟ್ರ ಸಾಕು."