ಬಿಟ್‌ಕಾಯಿನ್ ವಿಳಾಸಗಳ ಲೈವ್ ಸರ್ವರ್: ಆರು ವಾರದ ಕೆಲಸ ಎಲ್ಲಿಗೆ ಬಂತು

ಇದು ಏನು ಮಾಡುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ವೆಬ್‌ಸಾಕೆಟ್ (ತೆರೆದೇ ಇರುವ ಕನೆಕ್ಷನ್) ಮೂಲಕ ಸೇರಿಕೊಂಡು ಒಂದು ಬಿಟ್‌ಕಾಯಿನ್ ವಿಳಾಸ ಕೊಟ್ಟರೆ ಸಾಕು. ಆ ವಿಳಾಸಕ್ಕೆ ಏನಾದರೂ ಬಂದರೂ, ಅಲ್ಲಿಂದ ಏನಾದರೂ ಹೋದರೂ ಸರ್ವರ್ ತಾನಾಗಿ ತಿಳಿಸುತ್ತದೆ. ಐದೈದು ಸೆಕೆಂಡಿಗೆ "ಬಂತಾ, ಬಂತಾ" ಅಂತ ಕೇಳುತ್ತಾ ಕೂರಬೇಕಿಲ್ಲ.

ರೆಡಿ ಸಾಫ್ಟ್‌ವೇರ್ ಇಲ್ಲವಾ ಅಂದರೆ, ಇದೆ. ಎಲೆಕ್ಟ್ರ್ಸ್, ಫಲ್ಕ್ರಮ್ ಎರಡೂ ಚೆನ್ನಾಗಿವೆ. ಆದರೆ ಅವು ಬಳಸುವ ಎಲೆಕ್ಟ್ರಂ ಪ್ರೋಟೋಕಾಲ್‌ನಲ್ಲಿ, ಏನಾದರೂ ಬದಲಾದಾಗ ಸಿಗುವುದು ಒಂದು ಹ್ಯಾಶ್ (ಡೇಟಾದ ಬೆರಳಚ್ಚಿನಂಥ ಚಿಕ್ಕ ಸಂಕೇತ) ಮಾತ್ರ. ಏನು ಬದಲಾಯಿತು ಅಂತ ತಿಳಿಯಲು ಆ ವಿಳಾಸದ ಇತಿಹಾಸವನ್ನು ಮತ್ತೆ ತರಿಸಿಕೊಳ್ಳಬೇಕು. ಹತ್ತು ವಹಿವಾಟಿನ ವಿಳಾಸಕ್ಕೆ ಪರವಾಗಿಲ್ಲ, ಹತ್ತು ಸಾವಿರದ್ದಕ್ಕೆ ಭಾರ ಆಗುತ್ತದೆ. ಬದಲಾವಣೆಯೇ ನೇರವಾಗಿ ಬರಬೇಕು ಅನ್ನೋದು ನನ್ನ ಆಸೆ.

ವಾರ 1

ಪೂರ್ತಿ ನೋಡ್ (ಬಿಟ್‌ಕಾಯಿನ್ ಜಾಲಕ್ಕೆ ಸೇರಿ ಎಲ್ಲ ವಹಿವಾಟನ್ನೂ ತಾನೇ ಪರಿಶೀಲಿಸುವ ಪ್ರೋಗ್ರಾಂ) ಸಿಂಕ್ ಆಗಲು ಬಿಟ್ಟೆ. ಬ್ಲಾಕ್‌ಗಳ, ಅಂದರೆ ವಹಿವಾಟಿನ ಕಟ್ಟುಗಳ, ಸರಪಳಿ ಈಗ 600 ಜಿಬಿಗೂ ಜಾಸ್ತಿ ಇದೆ. ಹಳೇ ಹಾರ್ಡ್ ಡಿಸ್ಕಿನಲ್ಲಿ ಶುರು ಮಾಡಿದ್ದೆ, ಮೂರನೇ ದಿನ ಎಸ್‌ಎಸ್‌ಡಿಗೆ ಎತ್ತಿ ಹಾಕಿದೆ. ಹಳೇ ಬ್ಲಾಕ್‌ಗಳನ್ನು ಅಳಿಸುವ ಪ್ರೂನಿಂಗ್ ಇಲ್ಲಿ ಆಗುವುದಿಲ್ಲ, ಟಿಎಕ್ಸ್ ಇಂಡೆಕ್ಸ್ (ಐಡಿ ಕೊಟ್ಟರೆ ವಹಿವಾಟು ಹುಡುಕಿಕೊಡುವ ಪಟ್ಟಿ) ಬೇಕು ಅಂದರೆ ಎಲ್ಲ ಬ್ಲಾಕೂ ಇರಬೇಕು.

ವಾರ 2

ನೋಡ್ ಆಗಿ ಓಡುವ ಬಿಟ್‌ಕಾಯಿನ್ ಕೋರ್ ಹತ್ತಿರ "ಈ ವಿಳಾಸದಲ್ಲಿ ಎಷ್ಟಿದೆ" ಅನ್ನುವ ಲೆಕ್ಕವೇ ಇಲ್ಲ. ಅದರ ಹತ್ತಿರ ಇರುವುದು ಇನ್ನೂ ಖರ್ಚಾಗದ ಔಟ್‌ಪುಟ್‌ಗಳ (ವಹಿವಾಟಿನಲ್ಲಿ ಯಾರಿಗೋ ಸಂದ ಮೊತ್ತಗಳ) ರಾಶಿ, ಅಷ್ಟೇ. ಸ್ಕ್ಯಾನ್‌ಟಿಎಕ್ಸ್‌ಔಟ್‌ಸೆಟ್ ಅಂತ ಒಂದು ಆಜ್ಞೆ ಇದೆ, ಅದು ಆ ರಾಶಿಯನ್ನು ಪೂರ್ತಿ ಜಾಲಾಡಿ ಲೆಕ್ಕ ಹೇಳುತ್ತದೆ. ನನ್ನ ಯಂತ್ರದಲ್ಲಿ ಪ್ರತಿ ಸಲವೂ ನಿಮಿಷಗಟ್ಟಲೆ ಹಿಡಿಯಿತು, ಮೇಲಾಗಿ ಒಂದು ಹೊತ್ತಿಗೆ ಒಂದೇ ಸ್ಕ್ಯಾನ್ ನಡೆಯುತ್ತದೆ. ಇಬ್ಬರು ಒಟ್ಟಿಗೆ ಬಂದರೆ ಕಥೆ ಮುಗಿಯಿತು. ಹಾಗಾಗಿ ಸ್ವಂತ ಇಂಡೆಕ್ಸ್ ಕಟ್ಟಲೇಬೇಕಾಯಿತು.

ಇಲ್ಲೇ ಇನ್ನೊಂದು ಸಂಗತಿ ಸರಿಯಾಗಿ ಅರ್ಥವಾಯಿತು. ಒಂದು ವಹಿವಾಟನ್ನು ಬಿಡಿಸಿ ನೋಡಿದರೆ ದುಡ್ಡು ಯಾರಿಗೆ ಹೋಗುತ್ತಿದೆ ಅಂತ ಅಲ್ಲೇ ಇರುತ್ತದೆ, ಆದರೆ ಯಾವ ವಿಳಾಸದಿಂದ ಬಂತು, ಎಷ್ಟು ಬಂತು ಅಂತ ಬರೆದಿರುವುದಿಲ್ಲ. ಹಿಂದಿನ ವಹಿವಾಟಿನ ಐಡಿ, ಅದರ ಎಷ್ಟನೇ ಔಟ್‌ಪುಟ್ ಅನ್ನೋ ಸಂಖ್ಯೆ, ಇಷ್ಟೇ ಸಿಗುತ್ತದೆ. ಅದನ್ನು ಹಿಡಿದು ಹಿಂದಕ್ಕೆ ಹೋಗಿ ಹುಡುಕಬೇಕು. "ಬಂತು" ಅನ್ನೋದು ಒಂದೇ ದಿನದಲ್ಲಿ ಕೆಲಸ ಮಾಡಿತು, "ಹೋಯಿತು" ಅನ್ನೋದಕ್ಕೆ ಇಡೀ ವಾರ ಬೇಕಾಯಿತು.

ಮೊತ್ತಗಳನ್ನೆಲ್ಲ ಸಾತೋಶಿಯಲ್ಲೇ ಪೂರ್ಣಾಂಕವಾಗಿ ಇಟ್ಟಿದ್ದೇನೆ. 1 ಬಿಟ್‌ಕಾಯಿನ್ ಅಂದರೆ 10 ಕೋಟಿ ಸಾತೋಶಿ. ದಶಮಾಂಶ ಹಚ್ಚಿಕೊಂಡು ಕೂಡಿ ಕಳೆಯಲು ಹೋಗಬೇಡಿ.

ವಾರ 3

ನೋಡ್‌ನಿಂದ ಸುದ್ದಿ ಬರುವುದು ಝೀರೋಎಂಕ್ಯೂ ಅನ್ನೋ ಸಂದೇಶ ಸಾಗಿಸುವ ಲೈಬ್ರರಿ ಮೂಲಕ. ಹೊಸ ವಹಿವಾಟು ಕಂಡ ತಕ್ಷಣ ಅದರ ಬೈಟ್‌ಗಳನ್ನು ರಾಟಿಎಕ್ಸ್ ಅನ್ನೋ ವಿಷಯದಡಿ ಕಳಿಸುತ್ತದೆ. ಪರೀಕ್ಷೆಗೆ ನನ್ನದೇ ಒಂದು ವಿಳಾಸಕ್ಕೆ 20,000 ಸಾತೋಶಿ ಕಳಿಸಿದೆ. ಪರದೆಯ ಮೇಲೆ ತಕ್ಷಣ +20000 ಅಂತ ಬಂತು. ಆ ಖುಷಿಯೇ ಬೇರೆ! ಟೀ ಕುಡಿದು ಬಂದು ನೋಡಿದರೆ ಇನ್ನೊಂದು +20000. ಒಟ್ಟು 40,000 ಅಂತ ತೋರಿಸುತ್ತಿದೆ.

ಕಾರಣ ಸರಳ. ಒಂದು ವಹಿವಾಟು ಮೆಂಪೂಲ್‌ಗೆ (ಬ್ಲಾಕ್ ಸೇರಲು ಕಾಯುತ್ತಿರುವ ವಹಿವಾಟುಗಳ ಪಟ್ಟಿ) ಬಂದಾಗ ಒಮ್ಮೆ, ಅದೇ ವಹಿವಾಟು ಬ್ಲಾಕ್ ಸೇರಿದಾಗ ಇನ್ನೊಮ್ಮೆ, ಹೀಗೆ ಎರಡು ಸಲ ರಾಟಿಎಕ್ಸ್ ಬರುತ್ತದೆ. ಕೈಪಿಡಿಯಲ್ಲೂ ಹಾಗೇ ಬರೆದಿದೆ. ನಾನು ಬಂದಿದ್ದನ್ನೆಲ್ಲ ಹೊಸದು ಅಂದುಕೊಂಡು ಕೂಡಿಸುತ್ತಿದ್ದೆ. ಈಗ ಪ್ರತಿ ವಹಿವಾಟಿಗೂ ಒಂದು ಸ್ಥಿತಿ ಇಟ್ಟಿದ್ದೇನೆ: ಕಾಯುತ್ತಿದೆ, ಬ್ಲಾಕ್ ಸೇರಿದೆ, ಬಿದ್ದುಹೋಗಿದೆ. ಸ್ಥಿತಿ ಬದಲಾದರೆ ಮಾತ್ರ ಸುದ್ದಿ ಹೋಗುತ್ತದೆ.

ಅದೇ ವಾರ ಇನ್ನೊಂದು. ಬ್ಲಾಕ್ ಬಂದಾಗ ಕೆಲವು ಸಾವಿರ ವಹಿವಾಟುಗಳು ಒಂದೇ ಸಲ ಸುರಿಯುತ್ತವೆ. ನಾನು ಸಂದೇಶ ಓದುವ ಥ್ರೆಡ್‌ನಲ್ಲೇ ಡೇಟಾಬೇಸ್‌ಗೂ ಬರೆಯುತ್ತಿದ್ದೆ. ಸರದಿಯ ಮಿತಿ 1000, ಅದು ತುಂಬಿದ ಮೇಲೆ ಬಂದಿದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ, ಎಲ್ಲೂ ಎರರ್ ಕಾಣುವುದಿಲ್ಲ. ಗೊತ್ತಾಗುವ ದಾರಿ ಒಂದೇ: ಪ್ರತಿ ಸಂದೇಶದ ಕೊನೆಯಲ್ಲಿ 4 ಬೈಟ್‌ನ ಕ್ರಮಸಂಖ್ಯೆ ಇರುತ್ತದೆ. ಅದರಲ್ಲಿ ನಡುವೆ ಜಾಗ ಬಿಟ್ಟಿದ್ದರೆ ಏನೋ ತಪ್ಪಿಹೋಗಿದೆ ಅಂತ ಅರ್ಥ. ಈಗ ಓದುವ ಥ್ರೆಡ್ ಓದುವುದಷ್ಟೇ ಮಾಡುತ್ತದೆ, ಕ್ರಮ ತಪ್ಪಿದರೆ ಮೆಂಪೂಲ್ ಪಟ್ಟಿಯನ್ನು ಪೂರ್ತಿ ತರಿಸಿಕೊಂಡು ತಾಳೆ ನೋಡುತ್ತದೆ.

ವಾರ 4

ಇಡೀ ಕೆಲಸದಲ್ಲಿ ನನಗೆ ಮುಖ್ಯ ಅನ್ನಿಸಿದ ಭಾಗ ಇದು. ದುಡ್ಡು ಬಂತು ಅಂತ ಹೇಳುವ ಸರ್ವರ್, ಹೇಳಿದ್ದು ಸುಳ್ಳಾದಾಗ ಅದನ್ನೂ ಅಷ್ಟೇ ಬೇಗ ಹೇಳಬೇಕು. ಇಲ್ಲದಿದ್ದರೆ ಅದನ್ನು ನಂಬಿ ಯಾರೂ ಏನೂ ಮಾಡುವ ಹಾಗಿಲ್ಲ, ಅಲ್ವಾ?

ಸುಳ್ಳಾಗುವುದು ಹಲವು ರೀತಿ. ಕಳಿಸಿದವರು ಜಾಸ್ತಿ ಶುಲ್ಕ ಹಾಕಿ ಅದೇ ನಾಣ್ಯವನ್ನು ಬೇರೆ ವಹಿವಾಟಿನಲ್ಲಿ ಬಳಸಬಹುದು, ಆಗ ಹಳೆಯದು ಮಾಯ. ಮೆಂಪೂಲ್ 300 ಎಂಬಿ ದಾಟಿದರೆ ಕಡಿಮೆ ಶುಲ್ಕದವು ಹೊರಗೆ ಬೀಳುತ್ತವೆ. 14 ದಿನ ಕಾದರೂ ಬ್ಲಾಕ್ ಸಿಗದಿದ್ದರೂ ಬೀಳುತ್ತವೆ. ಬ್ಲಾಕ್ ಸೇರಿದ್ದೂ ವಾಪಸ್ ಬರಬಹುದು, ಒಂದೇ ಎತ್ತರದಲ್ಲಿ ಎರಡು ಬ್ಲಾಕ್ ಸಿಕ್ಕು ನಮ್ಮ ನೋಡ್ ಹಿಡಿದಿದ್ದ ಬ್ಲಾಕ್ ಸೋತರೆ.

ಇದಕ್ಕೆಲ್ಲ ಸೀಕ್ವೆನ್ಸ್ ಅನ್ನೋ ವಿಷಯ ಇದೆ. ಪ್ರತಿ ಸಂದೇಶದಲ್ಲೂ ವಹಿವಾಟಿನ ಅಥವಾ ಬ್ಲಾಕ್‌ನ ಹ್ಯಾಶ್ ಜೊತೆ ಒಂದು ಅಕ್ಷರ ಇರುತ್ತದೆ. ಎ ಅಂದರೆ ಮೆಂಪೂಲ್ ಸೇರಿತು, ಆರ್ ಅಂದರೆ ಬ್ಲಾಕ್ ಸೇರದೆ ಹೊರಬಿತ್ತು, ಸಿ ಅಂದರೆ ಬ್ಲಾಕ್ ಅಂಟಿತು, ಡಿ ಅಂದರೆ ಬ್ಲಾಕ್ ಕಿತ್ತುಬಂತು. ನಾನು ಡಿಯನ್ನು ಎರಡು ವಾರ ಓದುತ್ತಲೇ ಇರಲಿಲ್ಲ.

ನಿಜವಾದ ಜಾಲದಲ್ಲಿ ಡಿ ಬರುವುದನ್ನು ಕಾಯುತ್ತಾ ಕೂತರೆ ಆಗುವುದಿಲ್ಲ, ಹಾಗಾಗಿ ರೆಗ್‌ಟೆಸ್ಟ್‌ನಲ್ಲಿ (ನಮ್ಮ ಯಂತ್ರದಲ್ಲೇ ಓಡುವ ಪರೀಕ್ಷಾ ಜಾಲ) ಪರೀಕ್ಷೆ ಮಾಡಿದೆ. ಅಲ್ಲಿ ನಾವೇ ಬ್ಲಾಕ್ ಮಾಡಿಕೊಳ್ಳಬಹುದು. ಒಂದು ವಹಿವಾಟು ಕಳಿಸಿದೆ, ಒಂದು ಬ್ಲಾಕ್ ಮಾಡಿದೆ, "ಬ್ಲಾಕ್ ಸೇರಿದೆ" ಅಂತ ಬಂತು. ಆಮೇಲೆ ಇನ್‌ವ್ಯಾಲಿಡೇಟ್‌ಬ್ಲಾಕ್ ಆಜ್ಞೆ ಕೊಟ್ಟು ಅದೇ ಬ್ಲಾಕ್ ಅನ್ನು ಕೆಡಿಸಿದೆ. ನೋಡ್ ಡಿ ಕಳಿಸಿತು, ವಹಿವಾಟು ಮೆಂಪೂಲ್‌ಗೆ ವಾಪಸ್ ಹೋಯಿತು, ನನ್ನ ಸರ್ವರ್ ಮಾತ್ರ "ಬ್ಲಾಕ್ ಸೇರಿದೆ" ಅಂತಲೇ ಹೇಳುತ್ತಿತ್ತು. ಅದನ್ನು ಕಣ್ಣಾರೆ ನೋಡಿ ಮೈ ಜುಂ ಅಂತು. ಆ ಸಂಜೆ ಬೇರೆ ಎಲ್ಲ ಬಿಟ್ಟು ಇದನ್ನೇ ಬರೆದೆ: ಪ್ರತಿ ಬ್ಲಾಕ್‌ನಿಂದ ಆದ ಬದಲಾವಣೆಗಳನ್ನು ಬೇರೆ ಪಟ್ಟಿಯಲ್ಲಿ ಇಡುವುದು, ಡಿ ಬಂದರೆ ಆ ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ರದ್ದು ಮಾಡುತ್ತಾ ಬರುವುದು, ಅದರಲ್ಲಿರುವ ಪ್ರತಿ ವಿಳಾಸವನ್ನು ಗಮನಿಸುತ್ತಿರುವವರಿಗೆ ಹಿಂತೆಗೆತದ ಸುದ್ದಿ ಕಳಿಸುವುದು. ಈಗ ಈ ಪರೀಕ್ಷೆ ಪ್ರತಿ ಸಲ ಕೋಡ್ ಬದಲಾದಾಗಲೂ ತಾನಾಗಿ ಓಡುತ್ತದೆ.

ವಾರ 5

ಬಳಸಿ ನೋಡಲು ಕೊಟ್ಟಿದ್ದ ಗೆಳೆಯರೊಬ್ಬರು "ವಿಳಾಸ ಹಾಕಿದ್ದೇನೆ, ದುಡ್ಡೂ ಬಂದಿದೆ, ಸುದ್ದಿ ಮಾತ್ರ ಇಲ್ಲ" ಅಂದರು. ನೋಡಿದರೆ ಅವರು ಕ್ಯೂಆರ್ ಕೋಡ್‌ನಿಂದ ತೆಗೆದ ವಿಳಾಸ ಪೂರ್ತಿ ದೊಡ್ಡ ಅಕ್ಷರಗಳಲ್ಲಿತ್ತು. bc1ರಿಂದ ಶುರುವಾಗುವ ಸೆಗ್‌ವಿಟ್ ವಿಳಾಸವನ್ನು ದೊಡ್ಡಕ್ಷರದಲ್ಲಿ ಬರೆದರೂ ಚಿಕ್ಕಕ್ಷರದಲ್ಲಿ ಬರೆದರೂ ಒಂದೇ, ಕ್ಯೂಆರ್ ಚಿಕ್ಕದಾಗಲಿ ಅಂತ ದೊಡ್ಡಕ್ಷರ ಬಳಸುತ್ತಾರೆ. ನನ್ನ ಇಂಡೆಕ್ಸ್ ವಿಳಾಸದ ಅಕ್ಷರಗಳನ್ನೇ ಕೀ ಮಾಡಿಕೊಂಡಿತ್ತು. ಸುಮ್ನೆ ಎಲ್ಲವನ್ನೂ ಚಿಕ್ಕಕ್ಷರ ಮಾಡಿಬಿಟ್ಟರೆ ಆಗುವುದಿಲ್ಲ, 1 ಮತ್ತು 3ರಿಂದ ಶುರುವಾಗುವ ಹಳೇ ವಿಳಾಸಗಳಲ್ಲಿ ದೊಡ್ಡದು ಚಿಕ್ಕದು ಬೇರೆ ಬೇರೆ. ಸರಿಯಾದ ದಾರಿ ಅಂದರೆ ವಿಳಾಸವನ್ನು ಬಿಡಿಸಿ, ಒಳಗಿನ ಸ್ಕ್ರಿಪ್ಟ್‌ನ (ದುಡ್ಡು ಖರ್ಚು ಮಾಡುವ ಷರತ್ತು) ಶಾ-256 ಹ್ಯಾಶ್ ಅನ್ನು ಕೀ ಮಾಡುವುದು. 32 ಬೈಟ್, ಯಾವ ಬಗೆಯ ವಿಳಾಸವಾದರೂ ಅಷ್ಟೇ ಉದ್ದ.

ಕನೆಕ್ಷನ್‌ಗಳು ಸರಿಯಾಗಿ 60 ಸೆಕೆಂಡಿಗೆ ಕಡಿದುಹೋಗುತ್ತಿದ್ದವು. ಮುಂದಿದ್ದ ಪ್ರಾಕ್ಸಿಯ ಟೈಮ್‌ಔಟ್ ಅದು, 25 ಸೆಕೆಂಡಿಗೊಂದು ಪಿಂಗ್ ಹಾಕಿದ ಮೇಲೆ ನಿಂತಿತು. ನಿಧಾನವಾಗಿ ಓದುವ ಕ್ಲೈಂಟ್‌ಗೆ ಮಿತಿ ಇಟ್ಟಿದ್ದೇನೆ, ಬಾಕಿ ಸಂದೇಶ ಜಾಸ್ತಿಯಾದರೆ ಕನೆಕ್ಷನ್ ಮುಚ್ಚುತ್ತದೆ. ಮತ್ತೆ ಸೇರಿಕೊಂಡಾಗ ಈಗಿನ ಪೂರ್ತಿ ಸ್ಥಿತಿ ಮೊದಲು ಸಿಗುತ್ತದೆ.

ಲಾಗ್ ಫೈಲ್‌ನಿಂದ ವಿಳಾಸಗಳನ್ನು ಪೂರ್ತಿ ತೆಗೆದುಹಾಕಿದೆ. ಒಂದೇ ಕನೆಕ್ಷನ್‌ನಲ್ಲಿ ಒಬ್ಬರು ಹತ್ತು ವಿಳಾಸ ಕೇಳಿದರೆ ಆ ಹತ್ತೂ ಒಬ್ಬರದೇ ಅಂತ ಊಹಿಸುವುದು ಸುಲಭ. ಪಕ್ಕದಲ್ಲೇ ಐಪಿ ಕೂಡ ಇತ್ತು. ಅಂಥ ಪಟ್ಟಿ ನನ್ನ ಡಿಸ್ಕ್‌ನಲ್ಲಿ ಇರಬಾರದು.

ವಾರ 6, ಇವತ್ತಿಗೆ

ಕೀ ಬದಲಾದ್ದರಿಂದ ಇಂಡೆಕ್ಸ್ ಅನ್ನು ಬ್ಲಾಕ್ 0 ಇಂದ ಮತ್ತೆ ಕಟ್ಟಲು ಬಿಟ್ಟಿದ್ದೇನೆ. 2009ರ ಬ್ಲಾಕ್‌ಗಳು ಬಹುತೇಕ ಖಾಲಿ, ಹಾರಿಹೋಗುತ್ತವೆ. ಬೆಳಿಗ್ಗೆ ನೋಡಿದಾಗ 4 ಲಕ್ಷ ದಾಟಿತ್ತು, ಈಗ ನಿಧಾನ ಆಗಿದೆ. 7,09,632ನೇ ಬ್ಲಾಕ್‌ಗೆ, ಹೊಸ ಬಗೆಯ ವಿಳಾಸ ತಂದ ಟ್ಯಾಪ್‌ರೂಟ್ ಬದಲಾವಣೆ ಶುರುವಾಗುತ್ತದೆ, ಅಲ್ಲಿಂದ ಮುಂದಿನ ಕೆಲವು ನೂರು ವಿಳಾಸಗಳ ಲೆಕ್ಕವನ್ನು ಫಲ್ಕ್ರಮ್ ಕೊಡುವ ಲೆಕ್ಕದ ಜೊತೆ ಒಂದೊಂದಾಗಿ ತಾಳೆ ನೋಡಬೇಕು. ಒಂದು ಸಾತೋಶಿ ವ್ಯತ್ಯಾಸ ಬಂದರೂ ಗೆಳೆಯರಿಗೆ ಲಿಂಕ್ ವಾಪಸ್ ಕೊಡುವುದಿಲ್ಲ.